ಫೈವ್ ಪಾರ್ಟ್ ಸೆಲ್ ಕೌಂಟರ್: ಚಿಕ್ಕಮಗಳೂರಿನ ಸಣ್ಣ ಲ್ಯಾಬಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ರಕ್ತದ ಕಣಗಳನ್ನು ಎಣಿಸಿ, ಬಿಳಿ ಕಣಗಳನ್ನು ಐದು ಬಗೆಯಾಗಿ ವಿಂಗಡಿಸುವ ಮಷಿನ್ ಇದು. ಕಂಪನಿ ಹೆಸರು ಬೇಡ, ಈ ದರ್ಜೆಯ ಮಷಿನ್‌ಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಡೆಂಗಿ ಸೀಸನ್‌ಗಳಲ್ಲಿ ಬಿಡುವಿಲ್ಲದೆ ಓಡಿಸಿದ್ದೇವೆ, ಅದರ ಮೇಲೆ ಹೇಳುತ್ತಿದ್ದೇನೆ.

ಒಂದೇ ಟ್ಯೂಬನ್ನು ಮತ್ತೆ ಮತ್ತೆ ಹಾಕಿದರೂ ಹಿಮೋಗ್ಲೋಬಿನ್ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಹಿಂದೆ ಸಾಹ್ಲಿ ಟ್ಯೂಬಿನಲ್ಲಿ ಆಸಿಡ್ಡಿಗೆ ರಕ್ತ ಸೇರಿಸಿ, ಹನಿಹನಿ ನೀರು ಬಿಡುತ್ತಾ, ಕಂದು ಬಣ್ಣ ಪಕ್ಕದ ಗಾಜಿಗೆ ಹೊಂದುವ ತನಕ ಕಿಟಕಿ ಹತ್ತಿರ ನಿಂತು ನೋಡುತ್ತಿದ್ದೆವು. ಬಿಸಿಲಿದ್ದರೆ ಒಂದು ಲೆಕ್ಕ, ಮೋಡ ಕವಿದರೆ ಇನ್ನೊಂದು. ಡಿಫರೆನ್ಷಿಯಲ್‌ಗೆ, ಅಂದರೆ ಯಾವ ಬಗೆಯ ಬಿಳಿ ಕಣ ಎಷ್ಟು ಅನ್ನುವ ಲೆಕ್ಕಕ್ಕೆ, ನಾವು ಎಣಿಸುತ್ತಿದ್ದದ್ದು 100 ಬಿಳಿ ಕಣ. ಇದು ಸಾವಿರಗಟ್ಟಲೆ ಎಣಿಸುತ್ತದೆ. ಇದರಲ್ಲಿ ವಾದವೇ ಇಲ್ಲ.

ಆದರೆ ಡಾಕ್ಟರುಗಳು ನಂಬಿದ್ದು ಇದನ್ನೆಲ್ಲ ನೋಡಿ ಅಲ್ಲ. ಪ್ರಿಂಟ್ ನೋಡಿ. ಗ್ರಾಫು, ದಶಮಾಂಶ, ಪಕ್ಕದಲ್ಲಿ ನಾರ್ಮಲ್ ರೇಂಜು. ಕೈಬರಹದ ರಿಪೋರ್ಟ್ ಹೋದರೆ ಸಾಕು, "ಮಷಿನ್‌ದಾ, ಕೈಯಲ್ಲಿ ಮಾಡಿದ್ದಾ?" ಅಂತ ಫೋನ್ ಬರುತ್ತದೆ.

ಒಳಗೆ ಇರುವುದು 1953ರಲ್ಲಿ ವ್ಯಾಲೇಸ್ ಕೌಲ್ಟರ್ ಪೇಟೆಂಟ್ ಪಡೆದ ಉಪಾಯವೇ. ಸಣ್ಣ ತೂತಿನಲ್ಲಿ ಕಣ ದಾಟುವಾಗ ಕರೆಂಟಿಗೆ ತಡೆ ಬೀಳುತ್ತದೆ, ತಡೆ ಜಾಸ್ತಿಯಾದಷ್ಟೂ ಕಣ ದೊಡ್ಡದು. ಬಿಳಿ ಕಣ ವಿಂಗಡಿಸಲು ಲೇಸರ್ ಇದೆ, ಪ್ಲೇಟ್‌ಲೆಟ್‌ಗೆ ಮಾತ್ರ ಈ ತೂತೇ ಗತಿ. ಅವು ಗುಂಪುಗಟ್ಟಿದರೆ ಮಷಿನ್ನಿಗೆ ಲೆಕ್ಕ ಸಿಗುವುದಿಲ್ಲ, ಮತ್ತೆ ಕೆಲವರ ರಕ್ತ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ಬಿದ್ದರೆ ಹಾಗೇ ಆಗುತ್ತದೆ. ಒಮ್ಮೆ ಜ್ವರದ ರೋಗಿಯೊಬ್ಬರಿಗೆ ಪ್ಲೇಟ್‌ಲೆಟ್ 38 ಸಾವಿರ ಬಂತು, ಮನೆಯವರು ಹಾಸನಕ್ಕೆ ಗಾಡಿಯನ್ನೂ ಹೇಳಿಬಿಟ್ಟಿದ್ದರು. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಆ ಲೇಪದ ಬಾಲದ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ಲೇಟ್‌ಲೆಟ್‌ಗಳ ಗುಂಪೋ ಗುಂಪು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಸಿಟ್ರೇಟ್ ದ್ರಾವಣದಿಂದ ರಕ್ತ ತೆಳುವಾಗುವ ಲೆಕ್ಕಕ್ಕೆ ಬಂದದ್ದನ್ನು 1.1ರಿಂದ ಗುಣಿಸಿದಾಗ ಒಂದೂವರೆ ಲಕ್ಷ ದಾಟಿತು. ಮಷಿನ್ ಫ್ಲ್ಯಾಗ್ (ಎಚ್ಚರಿಕೆ ಗುರುತು) ಕೊಟ್ಟಿತ್ತು, ಸುಳ್ಳು ಹೇಳಬಾರದು. ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ! ಯಾರು ಓದುತ್ತಾರೆ?

ಇದರ ಸಾಫ್ಟ್‌ವೇರಿನಲ್ಲಿ ನಾವು ಸ್ಲೈಡಿನಲ್ಲಿ ಕಂಡದ್ದನ್ನು ಬರೆಯಲು ಜಾಗವೇ ಇಲ್ಲ. "ಸ್ಲೈಡ್ ನೋಡಲಾಗಿದೆ" ಅಂತ ಒಂದು ರಬ್ಬರ್ ಸೀಲ್ ಮಾಡಿಸಿ ಒತ್ತುತ್ತಿದ್ದೇವೆ. ತಮಾಷೆ ಏನಂದ್ರೆ, ಕೈ ಕೆಲಸ ಬೇಡ ಅಂತಿದ್ದ ಒಬ್ಬ ಡಾಕ್ಟರೇ ಈಗ ಸೀಲ್ ಇಲ್ಲದಿದ್ದರೆ ರಿಪೋರ್ಟ್ ವಾಪಸ್ ಕಳಿಸುತ್ತಾರೆ.

ಖರ್ಚಿನ ವಿಷಯ. ಡೈಲ್ಯುಯೆಂಟ್ (ರಕ್ತ ತೆಳು ಮಾಡುವ ದ್ರಾವಣ), ಲೈಸ್ (ಕೆಂಪು ಕಣ ಒಡೆಯುವ ದ್ರಾವಣ) ಎಲ್ಲಾ ಕಂಪನಿಯದ್ದೇ ಆಗಬೇಕು, ಬೇರೆಯವರದ್ದು ಹಾಕದಂತೆ ಚಿಪ್ ಲಾಕ್ ಇದೆ. ಮಷಿನ್ ಸರಿಯಿದೆಯಾ ಅಂತ ನೋಡಲು ಹಾಕುವ ಕಂಟ್ರೋಲ್ ರಕ್ತದ ಬಾಟಲಿ ತೆರೆದ ಮೇಲೆ ಜಾಸ್ತಿ ದಿನ ಬಾಳುವುದಿಲ್ಲ, ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಳೆಗಾಲದ ಕರೆಂಟ್ ನಿಮಗೇ ಗೊತ್ತು, ಒಳ್ಳೆ ಯುಪಿಎಸ್ ಇಲ್ಲದೆ ತಗೊಳ್ಳಲೇಬೇಡಿ.

ಡೆಮೊ ದಿನ ಅವರು ತಂದ ಸ್ಯಾಂಪಲ್ ಸಾಲದು. ನಿಮ್ಮ ಕೈಲಿರುವ ಗುಂಪುಗಟ್ಟಿದ ಟ್ಯೂಬ್ ಕೊಡಿ. ಕೆಂಪು ಕಣ ತೀರಾ ಸಣ್ಣದಿರುವ ಅನೀಮಿಯಾ ಟ್ಯೂಬನ್ನೂ ಕೊಡಿ, ಆ ಕಣಗಳನ್ನೂ ಪ್ಲೇಟ್‌ಲೆಟ್ ಅಂತ ಸೇರಿಸಿಕೊಳ್ಳುವುದುಂಟು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿತ್ತದ್ದು ಚಿಪ್ ಲಾಕಿಗೆ.