ಸಿಂಗಲ್ ಸ್ಟೇಜ್ ಪ್ರೆಸ್ಸೋ, ಪ್ರೊಗ್ರೆಸ್ಸಿವ್ ಪ್ರೆಸ್ಸೋ? ರಿವಾಲ್ವರ್ ತೋಟಾ ತುಂಬುವಾಗ ನಾನು ಕಂಡದ್ದು

ಸಿಡಿಮದ್ದು ಹಾಕಿದ .38 ಸ್ಪೆಷಲ್ (ರಿವಾಲ್ವರ್ ತೋಟಾದ ಒಂದು ಬಗೆ) ಕೇಸಿನೊಳಗೆ, ಅಂದರೆ ತೋಟಾದ ಲೋಹದ ಕೊಳವೆಯೊಳಗೆ, ಟಾರ್ಚ್ ಬಿಟ್ಟು ನೋಡಿ. ಬಹುಪಾಲು ಖಾಲಿಯೇ ಕಾಣುತ್ತದೆ. ಈ ಕೇಸ್ ಬಂದದ್ದು 1898ರ ಸುಮಾರಿಗೆ, ಕಪ್ಪು ಮದ್ದು ಇನ್ನೂ ಬಳಕೆಯಲ್ಲಿದ್ದಾಗ. ಕಪ್ಪು ಮದ್ದಿಗೆ ಜಾಗ ಜಾಸ್ತಿ ಬೇಕು. ಇವತ್ತಿನ ಹೊಗೆಯಿಲ್ಲದ ಮದ್ದು ತಳ ಮುಚ್ಚುವಷ್ಟಿದ್ದರೆ ಸಾಕು. ಹಾಗಾಗಿ ಕೈತಪ್ಪಿ ಎರಡು ಸಲ ಹಾಕಿದರೂ ಅದು ತುಂಬಿ ಚೆಲ್ಲುವುದಿಲ್ಲ. ಗುಂಡು ಎಂದಿನಂತೆ ಕೂರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಅಂಥ ಒಂದೇ ತೋಟಾ, ರಿವಾಲ್ವರ್‌ನಲ್ಲಿ ತೋಟಾಗಳು ಕೂರುವ ಸಿಲಿಂಡರನ್ನು ಸೀಳಬಹುದು.

ಬಳಸಿದ ಕೇಸನ್ನು ಮತ್ತೆ ತುಂಬುವ ಯಂತ್ರವೇ ಪ್ರೆಸ್. ಸಿಂಗಲ್ ಸ್ಟೇಜ್, ಪ್ರೊಗ್ರೆಸ್ಸಿವ್ ಎರಡೂ ಬಗೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಜನ ಕೇಳುವುದು ಯಾವುದು ಬೇಗ ಅಂತ. ಕೇಸಿನೊಳಗೆ ಯಾವುದು ಸರಿಯಾಗಿ ನೋಡಲು ಬಿಡುತ್ತದೆ ಅನ್ನುವುದೇ ನನ್ನ ಅಳತೆ.

ಸಿಂಗಲ್ ಸ್ಟೇಜ್‌ನಲ್ಲಿ ಸನ್ನೆ ಒಮ್ಮೆ ಎಳೆದರೆ ಒಂದೇ ಕೆಲಸ. 50 ಕೇಸ್‌ಗಳಿಗೂ ಒಂದು ಹಂತ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಖಾಲಿ ಕೇಸ್‌ಗಳನ್ನು ಬ್ಲಾಕಿನಲ್ಲಿ (ಕೇಸ್ ನಿಲ್ಲಿಸುವ ಗುಳಿಗಳ ಹಲಗೆ) ಬಾಯಿ ಕೆಳಗಾಗಿ ಇಡುತ್ತೇನೆ, ಮದ್ದು ಬಿದ್ದದ್ದು ಮಾತ್ರ ಬಾಯಿ ಮೇಲಾಗಿ. ಕೊನೆಗೆ ಟಾರ್ಚ್ ಹಿಡಿದು ಸಾಲುಸಾಲಾಗಿ ನೋಡುತ್ತೇನೆ. ಒಂದೇ ಕೇಸ್ ನೋಡಿದರೆ ಕಣ್ಣು ಮೋಸ ಹೋಗಬಹುದು. ಅಕ್ಕಪಕ್ಕ 50 ಇದ್ದಾಗ, ಮಟ್ಟ ಏರಿದ್ದೋ ಖಾಲಿ ಉಳಿದದ್ದೋ ತಾನೇ ಎದ್ದು ಕಾಣುತ್ತದೆ. ನಿಧಾನ, ನಿಜ. ಒಂದು ಬ್ಲಾಕಿಗೆ ನನಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು.

ಪ್ರೊಗ್ರೆಸ್ಸಿವ್‌ನಲ್ಲಿ ಹಲವು ಕೇಸ್‌ಗಳು ಒಂದೇ ತಟ್ಟೆಯ ಮೇಲೆ ಹಂತದಿಂದ ಹಂತಕ್ಕೆ ತಿರುಗುತ್ತವೆ, ಪ್ರತಿ ಎಳೆತಕ್ಕೂ ಒಂದು ತೋಟಾ ತಯಾರಾಗಿ ಬೀಳುತ್ತದೆ. ಅದರ ವೇಗ ನನಗೆ ಭಯ ಹುಟ್ಟಿಸಲಿಲ್ಲ. ಅದು ನಡುವೆ ನಿಲ್ಲುವುದೇ ಭಯ. ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಸಿಕ್ಕಿಕೊಂಡಿತು ಅನ್ನಿ, ಸನ್ನೆಯನ್ನು ಅರ್ಧಕ್ಕೇ ಹಿಂದೆ ಬಿಟ್ಟು ಸರಿಮಾಡುತ್ತೀರಿ. ಆ ಹೊತ್ತಿಗೆ ಮದ್ದಿನ ಕೆಳಗಿದ್ದ ಕೇಸಿಗೆ ಒಂದು ಪಾಲು ಬಿದ್ದಾಗಿದೆಯೋ ಇಲ್ಲವೋ? ನನ್ನದು ತಟ್ಟೆಯನ್ನು ಕೈಯಿಂದ ತಿರುಗಿಸುವ ಪ್ರೆಸ್ಸು. ಒಂದು ಸಂಜೆ ಹೀಗೇ ನಿಂತಾಗ ಲೆಕ್ಕ ತಪ್ಪಿತು. ಅನುಮಾನ ಬಂದು, ಆಗಲೇ ತಯಾರಾಗಿದ್ದ 40 ತೋಟಾಗಳನ್ನೂ ಸುತ್ತಿಗೆಯಂಥ ಬುಲೆಟ್ ಪುಲ್ಲರ್‌ನಿಂದ ಬಿಚ್ಚಿದೆ. ಒಂದರಲ್ಲಿ ಮದ್ದೇ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆಂದರೆ ರಿವಾಲ್ವರ್‌ನಲ್ಲಿ ಮದ್ದಿಲ್ಲದ ತೋಟಾ ಕೂಡ ದೊಡ್ಡ ಅಪಾಯ. ಪ್ರೈಮರ್ ಒಂದೇ ಸಿಡಿದರೂ ಗುಂಡನ್ನು ಬ್ಯಾರಲ್‌ನೊಳಗೆ ತಳ್ಳಿ ಅಲ್ಲೇ ಸಿಕ್ಕಿಸಬಲ್ಲದು. ಸೆಮಿ ಆಟೋ ಪಿಸ್ತೂಲಾದರೆ ಸ್ಲೈಡ್ (ಮೇಲಿನ ಜಾರುವ ಭಾಗ) ಸಾಮಾನ್ಯವಾಗಿ ಪೂರ್ತಿ ಹಿಂದೆ ಹೋಗುವುದಿಲ್ಲ, ಶೂಟರ್ ನಿಲ್ಲಲೇಬೇಕಾಗುತ್ತದೆ. ರಿವಾಲ್ವರ್ ಹಾಗಲ್ಲ. ಟ್ರಿಗರ್ ಎಳೆದರೆ ಮುಂದಿನ ತೋಟಾ ತಾನೇ ಎದುರಿಗೆ ಬರುತ್ತದೆ. ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಗುಂಡು ಹೋದರೆ ಬ್ಯಾರಲ್ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಸದ್ದು ಸಪ್ಪೆ ಅನ್ನಿಸಿದರೆ, ಒದೆತ ಕಡಿಮೆಯಾದರೆ ಕೂಡಲೇ ನಿಲ್ಲಿಸಿ. ರಿವಾಲ್ವರ್‌ನ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಎಲ್ಲ ತೋಟಾ ತೆಗೆದು ಬ್ಯಾರಲ್ ನೋಡಿ.

ಪ್ರೊಗ್ರೆಸ್ಸಿವ್ ಅನ್ನು ಸುರಕ್ಷಿತವಾಗಿ ಬಳಸಲು ಆಗುವುದೇ ಇಲ್ಲ ಅಂತಲ್ಲ. ತಟ್ಟೆ ತಾನೇ ತಿರುಗುವ ಮಾದರಿ ನನ್ನದಕ್ಕಿಂತ ಮೇಲು. ಮದ್ದಿನ ಮಟ್ಟ ಪರೀಕ್ಷಿಸುವ ಡೈ (ಪ್ರೆಸ್ಸಿಗೆ ಕೂರಿಸುವ ಬಿಡಿ ಉಪಕರಣ) ಹಾಕಿಸಿಕೊಂಡರೆ, ಖಾಲಿಯಿದ್ದರೂ ಎರಡು ಪಾಲಿದ್ದರೂ ಅದು ಎಚ್ಚರಿಸುತ್ತದೆ. ಸಣ್ಣ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ನಿಂತರೆ ತಟ್ಟೆಯ ಮೇಲಿನ ಎಲ್ಲ ಕೇಸ್ ತೆಗೆದು, ಮದ್ದು ವಾಪಸ್ ಸುರಿದು ಹೊಸದಾಗಿ ಶುರುಮಾಡಿ. ಡೈಗಳನ್ನು ತಿರುಗುವ ತಲೆಯಲ್ಲಿ ಕೂರಿಸಿದ ಟರೆಟ್ ಪ್ರೆಸ್ ಇವೆರಡರ ನಡುವಿನದು. ಸ್ವಲ್ಪ ದಿನ ಬಳಸಿದೆ, ದೂರೇನಿಲ್ಲ.

ಪ್ರೆಸ್ಸಿನಷ್ಟೇ ಮುಖ್ಯ ಮದ್ದಿನ ಆಯ್ಕೆ. ಬೇಗ ಉರಿಯುವ ದಟ್ಟ ಮದ್ದು ಅಗ್ಗಕ್ಕೆ ಬೀಳುತ್ತದೆ, ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ. ಉಬ್ಬಿದ ಕಾಳಿನ ಮದ್ದು ಕೇಸನ್ನು ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ, ಎರಡು ಸಲ ಹಾಕಿದರೆ ಮೇಜಿನ ಮೇಲೆ ಚೆಲ್ಲುತ್ತದೆ. ನಾನು ಎರಡನೆಯದಕ್ಕೇ ಬಂದು ನಿಂತೆ. ಆದರೆ ಎರಡರಲ್ಲೂ ಅಳತೆ ಮಾತ್ರ ತಯಾರಕರ ಈಗಿನ ಕೈಪಿಡಿಯದ್ದೇ ಇರಬೇಕು, ಗೆಳೆಯರ ಚೀಟಿಯದ್ದಲ್ಲ. ಕಡಿಮೆ ಹಾಕಿದರೆ ಸುರಕ್ಷಿತ ಅನ್ನುವುದೂ ತಪ್ಪು. ನಿಧಾನವಾಗಿ ಉರಿಯುವ ಕೆಲವು ಮ್ಯಾಗ್ನಮ್ (ಹೆಚ್ಚು ಒತ್ತಡದ ತೋಟಾ) ಮದ್ದುಗಳನ್ನು ಕೈಪಿಡಿ ಹೇಳಿದ್ದಕ್ಕಿಂತ ಇಳಿಸಲೇಬಾರದು.

ಮದ್ದು ತೂಗುವ ತಕ್ಕಡಿಯ ವಿಷಯದಲ್ಲಿ ನನಗೆ ಹಟವಿಲ್ಲ. ಡಿಜಿಟಲ್ ಬೇಗ, ಆದರೆ ಸೆಕೆ, ಗಾಳಿಗೆ ಅಂಕಿ ಜಾರುತ್ತದೆ. ಬೀಮ್ ತಕ್ಕಡಿ ನಿಧಾನ, ನಂಬಿಕಸ್ಥ. ಯಾವುದಾದರೂ ಸರಿ, ಪರೀಕ್ಷೆಯ ತೂಕ ಇಟ್ಟು ನೋಡಿಕೊಂಡೇ ಶುರುಮಾಡಿ.

ಪ್ರೈಮರ್‌ಗೆ ಮಾತ್ರ ನನ್ನ ಓಟು ಕೈಯಲ್ಲಿ ಹಿಡಿಯುವ ಉಪಕರಣಕ್ಕೆ. ಪ್ರೆಸ್ಸಿನ ಉದ್ದ ಸನ್ನೆಯಲ್ಲಿ ತಿಳಿಯದ್ದು ಬೆರಳಿಗೆ ತಿಳಿಯುತ್ತದೆ. ಪ್ರೈಮರ್ ಕೇಸಿನ ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ, ಅಂದರೆ 0.003ರಿಂದ 0.005 ಇಂಚು ಕೆಳಗೆ ಕೂರಬೇಕು. ಉಬ್ಬಿ ನಿಂತರೆ ಹಿಂದಿನ ಫ್ರೇಮಿಗೆ ಉಜ್ಜಿ ಸಿಲಿಂಡರ್ ತಿರುಗುವುದೇ ಇಲ್ಲ.

ಇನ್ನು ಕ್ರಿಂಪ್, ಅಂದರೆ ಗುಂಡು ಅಲುಗದಂತೆ ಕೇಸಿನ ಬಾಯಿಯನ್ನು ಬಿಗಿಯುವುದು. ಬಾಯಿಯನ್ನು ಮಡಿಸದೆ ಸುತ್ತಲೂ ಒತ್ತುವ ಟೇಪರ್ ಕ್ರಿಂಪ್ ಹಗುರ ತೋಟಾಗಳಿಗೆ ಸಾಕು. ಜೋರಾಗಿ ಒದೆಯುವ .357 ಮ್ಯಾಗ್ನಮ್‌ಗೆ ಅದು ಸಾಲಲಿಲ್ಲ. ಪ್ರತಿ ಒದೆತಕ್ಕೂ ಉಳಿದ ಗುಂಡುಗಳು ಮುಂದೆ ಜಾರಿ, ಒಂದು ಸಿಲಿಂಡರಿನಿಂದ ಹೊರಗೆ ಚಾಚಿ ತಿರುಗುವುದನ್ನೇ ನಿಲ್ಲಿಸಿತು. ಈಗ ಗುಂಡಿನ ಗೀರಿನೊಳಗೆ ಕೇಸಿನ ಬಾಯಿ ಮಡಿಸುವ ರೋಲ್ ಕ್ರಿಂಪ್. ಪರೀಕ್ಷೆಯೂ ಸುಲಭ. ಆರನೆಯ ತೋಟಾದ ಉದ್ದ ಕ್ಯಾಲಿಪರ್‌ನಲ್ಲಿ ಅಳೆದಿಡಿ, ಐದು ಹೊಡೆಯಿರಿ, ಮತ್ತೆ ಅಳೆಯಿರಿ.

.38 ಮತ್ತು .357 ಅನ್ನು ಒಂದೇ ದಿನ ತುಂಬಬೇಡಿ. ಒತ್ತಡದ ಮಿತಿ ಮೊದಲನೆಯದಕ್ಕೆ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎರಡನೆಯದಕ್ಕೆ 35,000. .357 ಕೇಸನ್ನು .38ಕ್ಕಿಂತ 0.135 ಇಂಚು ಹೆಚ್ಚು ಉದ್ದ ಮಾಡಿರುವುದೇ .38ರ ರಿವಾಲ್ವರ್‌ಗೆ ಅದು ಹೋಗಬಾರದು ಅಂತ. ಮ್ಯಾಗ್ನಮ್ ಅಳತೆಯ ಮದ್ದು .38 ಕೇಸಿಗೆ ಬಿದ್ದರೆ ಆ ಕಾವಲು ಇರುವುದಿಲ್ಲ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಲಿ, ಅದೂ ಬಂದ ಡಬ್ಬಿಯಲ್ಲೇ.

ಪ್ರೊಗ್ರೆಸ್ಸಿವ್ ಪ್ರೆಸ್ಸನ್ನು ನಾನು ಮಾರಿಲ್ಲ. ಹಳೆಯ ಪ್ರೈಮರ್ ತೆಗೆಯುವುದು, ಕೇಸನ್ನು ಅಳತೆಗೆ ತರುವುದು, ಬಾಯಿ ಅಗಲಿಸುವುದು ಅದರಲ್ಲೇ ನಡೆಯುತ್ತದೆ. ಮದ್ದು ಹಾಕುವ ಹೊತ್ತಿಗೆ ಎಲ್ಲ ಕೇಸ್‌ಗಳೂ ಬ್ಲಾಕಿಗೆ ಬರುತ್ತವೆ, ಟಾರ್ಚ್ ಪಕ್ಕದಲ್ಲೇ ಇರುತ್ತದೆ.