ಕ್ಯಾಶ್‌ಲೆಸ್ ಅಂತ ನಂಬಿ ಖಾಲಿ ಫಾರ್ಮಿಗೆ ಸಹಿ ಹಾಕಿದ್ದೆ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಕಾರು ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಸ್ವಲ್ಪ ಉದ್ದ ಇದೆ, ಆದರೆ ಕಾರಿನ ಇನ್ಶೂರೆನ್ಸ್ ಕ್ಲೇಮಿನಲ್ಲಿ ನನಗೆ ಆಗಿದ್ದು ನಿಮಗೆ ಆಗೋದು ಬೇಡ.

2023ರ ನವೆಂಬರ್. ಗದಗಿನಲ್ಲಿ ಮದುವೆ ಮುಗಿಸಿ ರಾತ್ರಿ ಹುಬ್ಬಳ್ಳಿಗೆ ವಾಪಸ್ ಬರುತ್ತಿದ್ದೆವು. ಅಣ್ಣಿಗೇರಿ ದಾಟಿದ ಮೇಲೆ ಎದುರಿನಿಂದ ಒಂದು ಲಾರಿ ಹೈಬೀಮ್ ಹಾಕಿಕೊಂಡು ಬಂತು. ಅದು ಹೋದದ್ದೇ ತಡ, ಕಣ್ಣೆದುರಿಗೇ ಹತ್ತಿ ತುಂಬಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಒತ್ತಿದರೂ ಹೋಗಿ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಬಾನೆಟ್ ಮಡಚಿತ್ತು, ಬಂಪರ್ ಸೀಳಿತ್ತು, ರೇಡಿಯೇಟರ್ ಸೋರುತ್ತಿತ್ತು.

ನಿಧಾನಕ್ಕೆ ಓಡಿಸಿಕೊಂಡು ಹೋಗೋಣ ಅಂತಿದ್ದೆ. ಟ್ರ್ಯಾಕ್ಟರ್ ಹುಡುಗನೇ ತಡೆದ. "ಬ್ಯಾಡ್ರಿ ಅಣ್ಣಾರ, ಎಂಜಿನ್ ಸೀಜ್ ಆಗ್ತೈತಿ." ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಮಾತು ಮಾತ್ರ ಸರಿ. ರೇಡಿಯೇಟರ್ ಒಡೆದ ಮೇಲೂ ಓಡಿಸಿ ಎಂಜಿನ್ ಕೆಡಿಸಿಕೊಂಡರೆ ಅದು ಗುದ್ದಿದ್ದರಿಂದ ಆದದ್ದಲ್ಲ ಅಂತ ಇನ್ಶೂರೆನ್ಸ್ ಕಂಪನಿಯವರು ಕೈ ಎತ್ತುತ್ತಾರೆ. ಟೋಯಿಂಗ್‌ಗೆ 3,500 ರೂಪಾಯಿ ಆಯಿತು. ಮಾಮೂಲಿ ಪಾಲಿಸಿಯಲ್ಲಿ ಅದಕ್ಕೆ ಸಿಗೋದು ಹೆಚ್ಚೆಂದರೆ 1,500.

ಮರುದಿನ ಗೋಕುಲ ರಸ್ತೆಯ ಒಂದು ದೊಡ್ಡ ವರ್ಕ್‌ಶಾಪ್‌ಗೆ ಹೋದೆ. ಹೆಸರು ಬೇಡ. ಎಸಿ ರೂಮು, ಚಹಾ, ಟೈ ಕಟ್ಟಿದ ಹುಡುಗ. "ನಿಮ್ದು ಕ್ಯಾಶ್‌ಲೆಸ್ ಐತ್ರಿ ಸರ್, ಏನೂ ಟೆನ್ಶನ್ ತಗೋಬ್ಯಾಡ್ರಿ. ಇಲ್ಲೊಂದು ಸಹಿ, ಇಲ್ಲೊಂದು." ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರ ವರ್ಕ್‌ಶಾಪ್‌ಗೆ ಕಟ್ಟೋದು. ಕ್ಲೇಮ್ ಫಾರ್ಮ್ ಪೂರ್ತಿ ಖಾಲಿ. "ನಾವ ತುಂಬ್ಕೋತೀವ್ರಿ" ಅಂದ. ಹಾಕಿಬಿಟ್ಟೆ. ಅವನು ಇನ್ನೊಂದು ಹಾಳೆಯನ್ನೂ ಅದರಡಿ ಇಟ್ಟಿದ್ದ. ಕೆಲಸ ಚೆನ್ನಾಗಿ ಆಗಿದೆ, ನನಗೆ ತೃಪ್ತಿಯಾಗಿದೆ ಅನ್ನುವ ಪತ್ರ ಅದು. ಗಾಡಿಯ ಒಂದು ನಟ್ಟೂ ಬಿಚ್ಚಿರಲಿಲ್ಲ, ಆಗಲೇ ನನಗೆ ತೃಪ್ತಿ! ಇದು ನನಗೆ ಗೊತ್ತಾಗಿದ್ದು ತಿಂಗಳುಗಟ್ಟಲೆ ಆದ ಮೇಲೆ.

ನಷ್ಟ ಎಷ್ಟು ಅಂತ ಲೆಕ್ಕ ಹಾಕೋಕೆ ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್ ಬಂದಾಗ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು.

ಡಿಸೆಂಬರಿನಲ್ಲಿ ಗಾಡಿ ರೆಡಿ ಅಂತ ಫೋನ್ ಬಂತು. ಹೋದರೆ ಕೈಗೆ ಬಿಲ್ಲು. ಒಟ್ಟು 61,600. ನಾನು ಕಟ್ಟಬೇಕಾದದ್ದು 19,100. "ಕ್ಯಾಶ್‌ಲೆಸ್ ಅಂದಿದ್ರಲ್ರೀ?" ಅಂದೆ. "ಹೌದ್ರಿ ಸರ್, ಡಿಪ್ರಿಸಿಯೇಶನ್ ಬಿಟ್ಟು" ಅಂದ. ಅಂದರೆ ಸಾಮಾನು ಹಳತಾದಷ್ಟೂ ಕಟ್ ಮಾಡುವ ಸವಕಳಿ. ಮೊದಲ ದಿನ ಆ ಶಬ್ದ ಅವನ ಬಾಯಲ್ಲಿ ಬಂದಿರಲಿಲ್ಲ.

ಇದರಲ್ಲಿ ಮೋಸ ಇಲ್ಲ, ನನ್ನ ದಡ್ಡತನ ಇದೆ. ಝೀರೋ ಡೆಪ್ (ಈ ಸವಕಳಿ ಕಟ್ ಮಾಡದ ಹೆಚ್ಚುವರಿ ಕವರ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಅರ್ಧ ದುಡ್ಡು ಮಾತ್ರ ಕೊಡುತ್ತಾರೆ. ಬಂಪರ್, ಗ್ರಿಲ್ ಎಲ್ಲಾ ಅದೇ ಲೆಕ್ಕ. ತಗಡಿನ ಭಾಗಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ. ನನ್ನದು ಮೂರು ವರ್ಷ ದಾಟಿತ್ತು, ನಾಲ್ಕು ತುಂಬಿರಲಿಲ್ಲ, ಹಾಗಾಗಿ 25 ಪರ್ಸೆಂಟ್ ಕಟ್. ಐದು ವರ್ಷ ದಾಟಿದ್ದರೆ 40. ಗಾಜಿಗೆ ಮಾತ್ರ ಕಟ್ ಇಲ್ಲ. ಇದರ ಮೇಲೆ ಕಡ್ಡಾಯವಾಗಿ ನಾವೇ ಹಾಕಬೇಕಾದ್ದು 1,000 ರೂಪಾಯಿ, 1500 ಸಿಸಿ ದಾಟಿದ ಗಾಡಿಗಾದರೆ 2,000. ಕೂಲಂಟ್, ಕ್ಲಿಪ್ಪು, ನಟ್ಟು-ಬೋಲ್ಟು ನಮ್ಮ ತಲೆ ಮೇಲೆ. ಹಿಂದಿನ ವರ್ಷ ಆನ್‌ಲೈನ್‌ನಲ್ಲಿ ರಿನ್ಯೂ ಮಾಡುವಾಗ ಎರಡು-ಮೂರು ಸಾವಿರ ಉಳಿಯುತ್ತೆ ಅಂತ ಝೀರೋ ಡೆಪ್ ತೆಗೆದುಹಾಕಿದವನು ನಾನೇ. ಮೂರು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್ಸೂ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಯಿತು. ಅದಕ್ಕೇ ಸಣ್ಣ ಗೀರು, ಡೆಂಟಿಗೆಲ್ಲ ಕ್ಲೇಮ್ ಮಾಡುವ ಮುಂಚೆ ಈ ಬೋನಸ್ ಎಷ್ಟು ಹೋಗುತ್ತೆ ನೋಡಿಕೊಳ್ಳಿ.

ಸರಿ, ಹೋಗಲಿ ಅಂತ ದುಡ್ಡು ಕಟ್ಟಿ ಗಾಡಿ ತಂದೆ. ನಿಜವಾದ ವಿಷಯ ಹೊರಬಿದ್ದದ್ದು ಏಪ್ರಿಲ್ ಬಿಸಿಲಿಗೆ. ಬಂಪರಿನ ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ವಾರದಲ್ಲಿ ಅಲ್ಲಿ ಪೇಂಟ್ ಚಕ್ಕೆ ಎದ್ದು ಒಳಗೆ ಬೂದು ಬಣ್ಣದ ಪುಟ್ಟಿ ಕಂಡಿತು. ಹೊಸ ಬಂಪರಿಗೆ ಪುಟ್ಟಿ ಯಾಕೆ?

ಕೇಶ್ವಾಪುರದಲ್ಲಿ ಡೆಂಟಿಂಗ್ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಅವರು ಬಗ್ಗಿ, ಚಕ್ರದ ಕಡೆಯಿಂದ ಮೊಬೈಲ್ ಹಿಡಿದ ಕೈ ತೂರಿಸಿ ಬಂಪರಿನ ಒಳಮೈ ಫೋಟೋ ತೆಗೆದರು. ನಾಣ್ಯದಷ್ಟು ದೊಡ್ಡ ಒಂದು ದುಂಡನೆ ಅಚ್ಚು ಇತ್ತು. ಸುತ್ತ 1ರಿಂದ 12, ನಡುವೆ 20, ಒಂದು ಬಾಣ. "ಇದು ಮಾಲು ತಯಾರಾದ ತಿಂಗಳು, ವರ್ಷರೀ. 2020ರದ್ದು" ಅಂದರು. "ಬರೇ ಇದರ ಮ್ಯಾಲೆ ಹೇಳಾಕ ಬರೂದಿಲ್ಲ, ಹಳೇ ಸ್ಟಾಕ್ ಇದ್ರೂ ಇರಬಹುದು. ಇದನ್ನ ನೋಡ್ರಿ." ಒಳಗಡೆ ಉದ್ದಕ್ಕೆ ಪ್ಲಾಸ್ಟಿಕ್ ಕಾಯಿಸಿ ಬೆಸೆದ ಗುರುತು, ಹಳೇ ಗಾಯದ ಹೊಲಿಗೆ ಇದ್ದ ಹಾಗೆ. ನನ್ನದೇ ಬಂಪರ್! ಬಿಲ್ಲಿನಲ್ಲಿ ಹೊಸದಕ್ಕೆ 6,800. ಅರ್ಧ ಕಂಪನಿಯಿಂದ, ಅರ್ಧ ನನ್ನಿಂದ.

ವರ್ಕ್‌ಶಾಪ್‌ಗೆ ಹೋದರೆ ನನ್ನ ತೃಪ್ತಿ ಪತ್ರ ತೆಗೆದು ತೋರಿಸಿದರು. ಸಹಿ ನನ್ನದೇ, ಏನು ಮಾತಾಡೋದು? ಕೂಗಾಡಿದ್ದು ಸುಮ್ನೆ ದಂಡ. ಕೆಲಸಕ್ಕೆ ಬಂದದ್ದು ಮೇಲ್. ಒಳಗಿನ ಫೋಟೋ, ಬಿಲ್ಲು ಎರಡನ್ನೂ ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ, ಸರ್ವೇ ರಿಪೋರ್ಟಿನ ಪ್ರತಿ ಕೇಳಿದೆ, ವರ್ಕ್‌ಶಾಪ್‌ಗೂ ಕಾಪಿ ಹಾಕಿದೆ. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಇಲ್ಲಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇಂಥ ದೂರು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ ಸಹಾಯವಾಣಿ 155255. ಆದರೆ ಓಂಬುಡ್ಸ್‌ಮನ್ ನೋಡೋದು ಇನ್ಶೂರೆನ್ಸ್ ಕಂಪನಿಯ ಮೇಲಿನ ದೂರು. ಗ್ಯಾರೇಜಿನ ಮೇಲೆ ಅಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು, ನಮಗೆ ಅದು ಧಾರವಾಡದಲ್ಲಿದೆ.

ನಾನು ಅಲ್ಲಿತನಕ ಹೋಗಬೇಕಾಗಲಿಲ್ಲ. ಒಂಬತ್ತನೇ ದಿನಕ್ಕೆ ಟೈ ಹುಡುಗನ ಫೋನ್. "ಸರ್, ಹುಡುಗೂರು ಮಿಸ್ಟೇಕ್ ಮಾಡ್ಯಾರ್ರಿ, ಗಾಡಿ ತಗೊಂಡು ಬರ್ರಿ." ಹೋಗುವ ಮುಂಚೆ ಮನೆಯಲ್ಲೇ ಹಳೇ ಬಂಪರಿನ ಒಳಗೆ, ಹೆಡ್‌ಲೈಟಿನ ಹಿಂದೆ ಮಾರ್ಕರ್‌ನಿಂದ ನನ್ನ ಇನಿಶಿಯಲ್ ಬರೆದು ಫೋಟೋ ಹಿಡಿದುಕೊಂಡೆ, ಯಾವುದನ್ನು ಬದಲಿಸಿದರು, ಯಾವುದನ್ನು ಇಲ್ಲ ಅಂತ ಗೊತ್ತಾಗಲಿ ಅಂತ. ಇದನ್ನು ನಾನು ಮೊದಲ ಸಲವೇ ಮಾಡಬೇಕಿತ್ತು. ನೀವು ಮಾಡಿ.

ಸಂಜೆ ಗಾಡಿ ಕೊಡುವಾಗ ಹುಡುಗ ಮತ್ತೆ ಅದೇ ಹಾಳೆ, ಅದೇ ಪೆನ್ನು ಮುಂದೆ ಹಿಡಿದ. ಪೆನ್ನು ಕಿಸೆಯಲ್ಲಿ ಹಾಕಿಕೊಂಡು, "ಮೊದಲ ರ್‍ಯಾಂಪ್ ಮ್ಯಾಲೆ ಹತ್ತಿಸ್ರಿ, ಕೆಳಗಿಂದ ನೋಡೂಣು" ಅಂದೆ.