20 ಸಾವಿರದೊಳಗಿನ ಹಾರ್ಸ್ ಶೋ ಉಡುಪು: ಮಲೆನಾಡಿನ ಮೂರು ಮಳೆಗಾಲ ಕಳೆದ ಮೇಲೆ

ಹಾರ್ಸ್ ಶೋಗೆ, ಅಂದರೆ ಕುದುರೆ ಸವಾರಿ ಸ್ಪರ್ಧೆಗೆ, ಮಾಡಿಕೊಂಡ ಸೆಟ್‌ನಲ್ಲಿರುವುದು ಇಷ್ಟು: ಹೆಲ್ಮೆಟ್, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ತೆಗೆದು ಹೊಲಿಸಿದ ನೇವಿ ಬ್ಲೂ ಜಾಕೆಟ್, ತಿಳಿ ಬೀಜ್ (ಮರಳಿನಂಥ) ಬಣ್ಣದ ಬ್ರೀಚಸ್ ಎಂಬ ಬಿಗಿ ಸವಾರಿ ಪ್ಯಾಂಟು, ಬಿಳಿ ಶರ್ಟು, ಗಿಡ್ಡ ಪ್ಯಾಡಕ್ ಬೂಟು, ಅದರ ಮೇಲೆ ಪಾದದ ಗಂಟಿನಿಂದ ಮಂಡಿಯವರೆಗೆ ಕಾಲಿಗೆ ಸುತ್ತಿ ಕಟ್ಟುವ ಹಾಫ್ ಚಾಪ್ಸ್, ಗ್ಲೌಸ್. ಎಲ್ಲ ಸೇರಿ 20 ಸಾವಿರ ರೂಪಾಯಿಯೊಳಗೆ ಮುಗಿಯಿತು. ಜಾಕೆಟ್ಟಿಗೂ ಹೆಲ್ಮೆಟ್ಟಿಗೂ ಪೂರ್ತಿ ಅಂಕ. ಮೊದಲ ಜೊತೆ ಚಾಪ್ಸ್‌ಗೆ ಸೊನ್ನೆ. ನಮ್ಮ ಕಡೆ ಈ ಸಾಮಾನು ಕುದುರೆಯ ಮೇಲೆ ಸವೆಯುವುದಕ್ಕಿಂತ ಬೀರುವಿನಲ್ಲಿ ಕೂತು ಹಾಳಾಗುವುದೇ ಹೆಚ್ಚು. ಆಯ್ಕೆ ಮಾಡುವಾಗ ಮೊದಲು ನೆನಪಿಡಬೇಕಾದದ್ದು ಇದನ್ನೇ.

ಆ ಮೊದಲ ಚಾಪ್ಸ್ ಪಿಯು (ಪಾಲಿಯುರೆಥೇನ್) ಎಂಬ ಕೃತಕ ಲೆದರಿನದು. ಹೊಳಪು ಅಸಲಿ ಚರ್ಮದ್ದೇ, ಬೆಲೆ ಅರ್ಧ. ಎರಡನೇ ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಹೊರತೆಗೆದಾಗ ಮೀನಖಂಡದ ಒಳಬದಿ ಅಂಟಂಟಾಗಿತ್ತು. ಉಗುರು ತಾಗಿದ ಕಡೆ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು, ಕೆಳಗಿನ ಬೂದು ನೇಯ್ಗೆ ಕಾಣುತ್ತಿತ್ತು. ಹಾಕಿದ್ದು ಹೆಚ್ಚೆಂದರೆ ಮೂವತ್ತು ಸಲ. ಪಾಲಿಯುರೆಥೇನ್ ಗಾಳಿಯ ತೇವ ಹೀರಿಕೊಂಡು ಒಳಗಿಂದೊಳಗೆ ತುಂಡಾಗುವ ವಸ್ತು. ಬಳಸಿದರೂ ಬಳಸದಿದ್ದರೂ ಈ ಕ್ರಿಯೆ ನಡೆದೇ ಇರುತ್ತದೆ, ಸೆಕೆ ಮತ್ತು ತೇವ ಕೂಡಿದರೆ ಇನ್ನೂ ಬೇಗ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವಾಗ ಪಿಯು ಉಳಿಯುವ ಮಾತಿಲ್ಲ. ಅಗ್ಗದ ಬೂಟುಗಳ ಪಿಯು ಸೋಲ್ ಕೂಡ ಇದೇ ಕಾರಣಕ್ಕೆ ಒಂದು ದಿನ ಪುಡಿಪುಡಿಯಾಗಿ ಉದುರುತ್ತದೆ. ರಬ್ಬರ್ ಸೋಲ್ ಎಂದು ಖಾತ್ರಿ ಮಾಡಿಕೊಂಡೇ ಕೊಳ್ಳಬೇಕು.

ಅದರ ಬದಲಿಗೆ ಬಂದದ್ದು ಕಾನ್ಪುರದ ಸಾದಾ ಚರ್ಮದ ಚಾಪ್ಸ್. ಕಾನ್ಪುರದ ಸ್ಯಾಡ್ಲರಿಗೆ, ಅಂದರೆ ಜೀನು, ಲಗಾಮಿನಂಥ ಕುದುರೆ ಸಾಮಾನಿಗೆ, ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೇ ಇದೆ, ಕೆಲಸ ಗಟ್ಟಿ. ಚರ್ಮಕ್ಕೂ ಬೂಷ್ಟು ಹಿಡಿಯುತ್ತದೆ, ಆದರೆ ಬೂಷ್ಟನ್ನು ಒರೆಸಬಹುದು, ಎದ್ದುಹೋದ ಪಿಯು ಪದರವನ್ನು ಮತ್ತೆ ಕೂರಿಸಲು ಬರುವುದಿಲ್ಲ. ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಮನೆಯ ಹೊರಗೆ ನಿಂತು ಒರೆಸಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಲೆದರ್ ಕಂಡಿಷನರ್ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡವೇ ಬೇಡ. ಹೆಚ್ಚಾದ ಎಣ್ಣೆ ಚರ್ಮವನ್ನು ಮೆತ್ತಗೆ ಮಾಡಿ ಆಕಾರ ಕೆಡಿಸುತ್ತದೆ, ದಿನ ಕಳೆದಂತೆ ಕಮಟು ಹಿಡಿಯುತ್ತದೆ. ಬಚ್ಚಲು ಒಲೆಯ ಪಕ್ಕದಲ್ಲೋ ಅಡಿಕೆ ಒಣಗಿಸುವ ಅಟ್ಟದಲ್ಲೋ ಇಡುವುದೂ ತಪ್ಪು, ಕಾವಿಗೆ ಚರ್ಮ ಬಿರುಕು ಬಿಡುತ್ತದೆ.

ಚಾಪ್ಸ್ ಅಳತೆ ಹೀಗೆ ತೆಗೆಯಿರಿ: ಬ್ರೀಚಸ್ ಮತ್ತು ಬೂಟು ಹಾಕಿಕೊಂಡು, ಕುರ್ಚಿಯಲ್ಲಿ ಮಂಡಿ ನೇರ ಕೋನಕ್ಕೆ ಮಡಿಸಿ ಕೂತು, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ಮತ್ತು ನೆಲದಿಂದ ಮಂಡಿ ಹಿಂದಿನ ಮಡಿಕೆಯವರೆಗಿನ ಎತ್ತರ. ಹೊಸದರಲ್ಲಿ ಮಂಡಿ ಹಿಂದೆ ಸ್ವಲ್ಪ ಚುಚ್ಚಿದರೆ ಗಾಬರಿ ಬೇಡ. ಹಿಮ್ಮಡಿ ಹತ್ತಿರ ಚರ್ಮ ನೆರಿಗೆ ಬಿದ್ದಂತೆ ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮೊದಲ ದಿನವೇ ಆರಾಮಾಗಿ ಕೂತದ್ದು ಆರು ತಿಂಗಳಿಗೆ ಗಿಡ್ಡವಾಗುತ್ತದೆ. ಕೈಕೊಡುವುದು ಜಿಪ್. ಬೆವರಿನ ಉಪ್ಪು ಮತ್ತು ಕೆಸರು ಹಲ್ಲುಗಳಲ್ಲಿ ಕೂತು ರನ್ನರ್ ಬಿಗಿಯುತ್ತದೆ, ಎಳೆದಾಡಿದರೆ ಪಾದದ ಗಂಟಿನ ಮೇಲೇ ಬಿಚ್ಚಿಕೊಳ್ಳುತ್ತದೆ. ಸವಾರಿ ಮುಗಿದ ಕೂಡಲೇ ಹಳೆ ಟೂತ್‌ಬ್ರಷ್‌ನಲ್ಲಿ ಹಲ್ಲು ಉಜ್ಜಿ, ತಿಂಗಳಿಗೊಮ್ಮೆ ಮೇಣದಬತ್ತಿ ತಿಕ್ಕಿದರೆ ಸಾಕು. ಚಾಪ್ಸ್ ಮತ್ತು ಬೂಟು ಒಂದೇ ಕಪ್ಪಿನವಾಗಿದ್ದರೆ ದೂರದಿಂದ ಉದ್ದ ಬೂಟೇ ಅನ್ನಿಸುತ್ತದೆ. ಆದರೆ ಸ್ಪರ್ಧೆಯ ಎಲ್ಲ ವಿಭಾಗದಲ್ಲೂ ಹಾಫ್ ಚಾಪ್ಸ್ ನಡೆಯುವುದಿಲ್ಲ, ಪ್ರವೇಶ ಶುಲ್ಕ ಕಟ್ಟುವ ಮೊದಲು ನಿಯಮ ಓದಿ.

ದುಡ್ಡು ನಿಜವಾಗಿ ಉಳಿದದ್ದು ಜಾಕೆಟ್ಟಿನಲ್ಲಿ. ತೆಳು ಟೆರಿವುಲ್ ಎರಡು ಮೀಟರ್ ಸಾಕು. ಮಾಸ್ಟರಿಗೆ ಬರೀ ಬ್ಲೇಜರ್ ಎಂದರೆ ಮದುವೆ ಕೋಟಿನ ಕಟಿಂಗೇ ಬರುತ್ತದೆ. ನಾಲ್ಕು ಮಾತು ಬಿಡಿಸಿ ಹೇಳಬೇಕು. ಒಂದು, ಆರ್ಮ್‌ಹೋಲ್ ಮೇಲೆ, ಕಂಕುಳಿಗೆ ಹತ್ತಿರ ಇರಲಿ. ಸಡಿಲ ಇದ್ದರೆ ಕೈ ಸಲೀಸು ಎಂದು ಮಾಸ್ಟರು ಕೆಳಗೆ ಕೊರೆಯುತ್ತಾರೆ, ಆಮೇಲೆ ಕೈ ಮುಂದೆ ಚಾಚಿದರೆ ಇಡೀ ಕೋಟೇ ಮೇಲೇಳುತ್ತದೆ. ಎರಡು, ತೋಳಿನ ಉದ್ದವನ್ನು ಮೊಣಕೈ ಮಡಿಸಿ ಅಳೆಯಲಿ. ಕೈ ಇಳಿಬಿಟ್ಟು ಅಳೆದ ತೋಳು ಲಗಾಮು ಹಿಡಿದಾಗ ಎರಡು ಮೂರು ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಮೂರು, ಹಿಂದೆ ಎರಡು ವೆಂಟ್ (ಸೀಳು) ಇರಲಿ, ಕೂತಾಗ ಅಂಚು ಜೀನಿನ ಹಿಂಭಾಗದ ಮೇಲೆ ಸಮವಾಗಿ ಬೀಳುತ್ತದೆ. ನಾಲ್ಕನೆಯದಕ್ಕೆ ನಮ್ಮ ಹವೆಯೇ ಕಾರಣ: ಎದೆಯ ಭಾಗಕ್ಕೆ ಅಂಟಿಸುವ ಫ್ಯೂಸಿಂಗ್ ಬದಲು ಹೊಲಿದು ಕೂರಿಸುವ ತೆಳು ಕ್ಯಾನ್ವಾಸ್ ಕೇಳಿ. ಅಂಟು ತೇವಕ್ಕೆ ಬಿಟ್ಟುಕೊಂಡರೆ ಲ್ಯಾಪೆಲ್ (ಎದೆಯ ಮೇಲೆ ಮಡಚಿದ ಕಾಲರ್ ಪಟ್ಟಿ) ಮೇಲೆ ಗುಳ್ಳೆ ಏಳುತ್ತದೆ, ಇಸ್ತ್ರಿಗೂ ಹೋಗುವುದಿಲ್ಲ. ಟ್ರಯಲ್‌ಗೆ ಹೋದಾಗ ಅಂಗಡಿಯ ಬೆಂಚಿನ ಮೇಲೆ ಎರಡೂ ಕಡೆ ಕಾಲು ಹಾಕಿ, ಗುಂಡಿ ಹಾಕಿಕೊಂಡು, ಕೈ ಮುಂದಿಟ್ಟು ಕೂರಿ. ಕೆಳಗಿನ ಗುಂಡಿಯ ಹತ್ತಿರ ಬಟ್ಟೆ ಬಾಯಿ ಬಿಟ್ಟರೆ ಗುಂಡಿಯನ್ನು ಮೇಲಕ್ಕೆ ಸರಿಸಬೇಕು. ರೆಡಿಮೇಡ್ ಕೋಟು ಕೊಂಡವರು ವೆಂಟ್‌ಗಳಿಗೆ ಹಾಕಿದ ಅಡ್ಡ ಟಾಕಿಯನ್ನು ಮರೆಯದೆ ಬಿಚ್ಚಿ.

ಬ್ರೀಚಸ್ ಅಚ್ಚ ಬಿಳಿ ಬೇಡ, ತಿಳಿ ಬೀಜ್ ತೆಗೆದುಕೊಳ್ಳಿ. ಅಡೆತಡೆ ಹಾರಿಸುವ ಜಂಪಿಂಗ್‌ಗೆ ಬಿಳಿಯ ಜೊತೆ ತಿಳಿ ಬೀಜೂ ನಡೆಯುತ್ತದೆ, ಕುದುರೆಯ ನಡಿಗೆ ಮತ್ತು ಹಿಡಿತ ನೋಡುವ ಡ್ರೆಸಾಜ್‌ಗಾದರೆ ಬಿಳಿಗೆ ಹತ್ತಿರದ್ದೇ ಬೇಕು. ಜಂಬಿಟ್ಟಿಗೆ ಮಣ್ಣಿನ ಕೆಂಪು ಕಬ್ಬಿಣದ್ದು. ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಹೋಗುವುದಿಲ್ಲ, ಹಿಗ್ಗುವ ಎಳೆ ಮಾತ್ರ ಹಳದಿಗಟ್ಟಿ ಸಡಿಲವಾಗುತ್ತದೆ. ಕೆಸರು ಒಣಗಲು ಬಿಟ್ಟು ಬ್ರಷ್ ಮಾಡಿ, ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಮ್ಲದ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲಿ ಸೋಪು. ಬ್ರೀಚಸ್ಸಿನ ಮಂಡಿಯಲ್ಲಿ ಜಾರದ ಹಾಗೆ ಹಾಕಿದ ಸಿಲಿಕೋನ್ ಹಿಡಿತ ಉಳಿಯಬೇಕಾದರೆ ಕಂಫರ್ಟ್ ಥರದ ದ್ರವವೂ ಬೇಡ, ಅದರ ಮೇಲೆ ಇಸ್ತ್ರಿಯೂ ಬೇಡ. ಒಳಉಡುಪು ಮೈಬಣ್ಣದ್ದಿರಲಿ, ಬಿಳಿಯದ್ದಾದರೆ ಎದ್ದು ಕಾಣುತ್ತದೆ.

ಹೆಲ್ಮೆಟ್ಟಿನಲ್ಲಿ ಮಾತ್ರ ಚೌಕಾಸಿ ಬೇಡ. ಒಳಗಿನ ಚೀಟಿಯಲ್ಲಿ ಸವಾರಿ ಹೆಲ್ಮೆಟ್ಟಿನ ಸುರಕ್ಷತಾ ಮಾನದಂಡಗಳಾದ ಎಎಸ್‌ಟಿಎಂ ಎಫ್ 1163 ಅಥವಾ ವಿಜಿ1 ಎಂದಿರಬೇಕು. ಬೈಕಿನ ಹೆಲ್ಮೆಟ್ ಐಎಸ್‌ಐ ಗುರುತಿನದಾದರೂ ಇದಕ್ಕೆ ಬದಲಿಯಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಡಿ. ಒಳಗಿನ ಥರ್ಮಾಕೋಲ್‌ನಂಥ ಫೋಮ್ ಒಂದು ಬೀಳಿಗೆ ಕುಗ್ಗಿ ಪೆಟ್ಟು ಹೀರಿಕೊಂಡರೆ ಅದರ ಕೆಲಸ ಮುಗಿಯಿತು, ಹೊರಗೆ ಗೀರೂ ಕಾಣದಿರಬಹುದು. ವೆಲ್ವೆಟ್ ಹೊದಿಕೆಯದು ಮಳೆಗಾಲದಲ್ಲಿ ಬೂಷ್ಟಿನ ಗೂಡಾಗುತ್ತದೆ. ಮ್ಯಾಟ್ ಕಪ್ಪು ಚಿಪ್ಪು, ಬಿಚ್ಚಿ ತೊಳೆಯಲು ಬರುವ ಒಳಪಟ್ಟಿ ಇರುವುದನ್ನು ಆರಿಸಿ. ಉದ್ದ ಜಡೆಯವರು ತುರುಬು ಕಟ್ಟಿ ಹೆಲ್ಮೆಟ್ಟಿನೊಳಗೆ ತುರುಕಿದರೆ ಅದು ತಲೆಯ ಮೇಲೆ ಎತ್ತರಕ್ಕೆ ಕೂರುತ್ತದೆ. ಜಡೆಯನ್ನು ಕತ್ತಿನ ಹತ್ತಿರ ಮಡಿಸಿ ಹೇರ್‌ನೆಟ್ ಹಾಕಿ. ಅಳತೆ ತೆಗೆಯುವ ದಿನವೂ ಹಾಗೇ ಇರಲಿ.

ಶರ್ಟು ಕಾಲರ್ ಮತ್ತು ತೋಳಿರುವ ಬಿಳಿ ಕಾಟನ್. ಸೆಕೆ ಜಾಸ್ತಿಯಾಗಿ ತೀರ್ಪುಗಾರರು ಜಾಕೆಟ್ ಬಿಡಲು ಹೇಳಿದರೆ ಕಾಣುವುದು ಇದೇ. ಕತ್ತಿಗೆ ಸುತ್ತಿ ಕಟ್ಟುವ ಸ್ಟಾಕ್ ಟೈಗೆ ಮಲ್ ಬಟ್ಟೆ ಧಾರಾಳ, ಪಿನ್ನನ್ನು ಅಡ್ಡಕ್ಕೇ ಚುಚ್ಚಿ, ನೆಟ್ಟಗೆ ನಿಲ್ಲಿಸಿದರೆ ಬಿದ್ದಾಗ ಗಂಟಲಿಗೆ ತಾಗೀತು. ಗ್ಲೌಸ್ ಕಪ್ಪಗಿರಲಿ, ಬಿಳಿ ಗ್ಲೌಸ್ ಕೈಯ ಪ್ರತಿ ಅಲುಗಾಟವನ್ನೂ ತೋರಿಸಿಬಿಡುತ್ತದೆ.

ಬೆಂಗಳೂರಿಗೋ ಮೈಸೂರಿಗೋ ಸ್ಪರ್ಧೆಗೆ ಒಯ್ಯುವಾಗ ಜಾಕೆಟ್ಟಿನ ಒಂದು ಭುಜವನ್ನು ಒಳಹೊರಗು ಮಾಡಿ ಇನ್ನೊಂದರೊಳಗೆ ಸೇರಿಸಿ, ಹಳೆ ಕಾಟನ್ ಲುಂಗಿಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುತ್ತದೆ. ಬ್ಯಾಗಿನಲ್ಲಿ ಸೂಜಿ, ದಾರ, ಒಂದು ಹೆಚ್ಚಿನ ಗುಂಡಿ, ಒದ್ದೆ ಬಟ್ಟೆ ಇರಲಿ. ಬ್ರೀಚಸ್ ಮೇಲೆ ಹಳೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿದ್ದು, ಹತ್ತುವ ಮುಂಚೆ ಮಾತ್ರ ಬಿಚ್ಚಿ. ಹತ್ತಿ ಕೂತ ಮೇಲೆ ಬೂಟಿನ ಮೂತಿ ಮತ್ತು ಸೋಲ್ ಒರೆಸಿಕೊಡಲು ಕೆಳಗೆ ಒಬ್ಬರು ನಿಂತಿರಲಿ.